ಗುಡಿಸಲ ಪುಸ್ತಕದಲ್ಲಿ ಎರಡು ಹೆಸರು

ಬೂಟಿನ ಮಣ್ಣು

ನ್ಯೂಜಿಲೆಂಡಿಗೆ ಹೊರಟವರು ಬೂಟಿನ ಅಡಿಯನ್ನು ಒಮ್ಮೆ ತಿರುವಿ ನೋಡಿಕೊಂಡು ಹೊರಡುವುದು ಒಳ್ಳೆಯದು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗಿಂತ ಹೆಚ್ಚು ಹೊತ್ತು ಬೂಟನ್ನು ನೋಡುತ್ತಾರೆ. ಬೇರೆ ದೇಶದ ಮಣ್ಣು, ಬೀಜ, ಹುಳು ಒಂದೂ ಒಳಗೆ ಬರಬಾರದು ಎಂದು ಅವರ ಕಟ್ಟುನಿಟ್ಟು. ಕಾಡು ಬೆಟ್ಟದಲ್ಲಿ ಹಾಕಿಕೊಂಡ ಬೂಟು ತಂದಿದ್ದೀರಾ ಎಂಬ ಪ್ರಶ್ನೆಗೆ ನಾನು ಹೌದು ಎಂದು ಗುರುತು ಮಾಡಿದ್ದೆ. ಅಪ್ಪ ಆ ಬೂಟುಗಳನ್ನು ಸೀರೆ ಕಟ್ಟುವ ಕಾಗದದಲ್ಲಿ ಸುತ್ತಿ, ಗಿರಾಕಿಗೆ ಕೊಡುವ ಹಾಗೆ ದಾರ ಬಿಗಿದು ಗಂಟು ಹಾಕಿ ಕೊಟ್ಟಿದ್ದರು. ಅಧಿಕಾರಿಗೆ ಗಂಟು ಬಿಚ್ಚಲು ಬರಲಿಲ್ಲ. ಕೊನೆಗೆ ಕತ್ತರಿ ತಂದ.

ಬೂಟು ನನ್ನದಲ್ಲ, ನನ್ನ ಅಣ್ಣ ಆನಂದನದು. ಅವನು ಕೊನೆಯ ಸಲ ಹತ್ತಿದ ಬೆಟ್ಟದ ಮಣ್ಣು ಅದರ ಅಡಿಯಲ್ಲಿ ಒಣಗಿ ಕೂತಿತ್ತು. ಎಲ್ಲಿಯ ಮಣ್ಣು ಎಂದು ಅಧಿಕಾರಿ ಕೇಳಿದ. ಭೋರ್ ಹತ್ತಿರದ್ದು ಎಂದೆ, ಭೋರ್ ಯಾರಿಗಾದರೂ ಗೊತ್ತಿರಲೇಬೇಕು ಎನ್ನುವ ಹಾಗೆ. ಅಲ್ಲಿ ದನಕರು ಇವೆಯೇ ಎಂದ. ಎಮ್ಮೆಗಳಿವೆ ಎಂದೆ. ಅವನು ಎಮ್ಮೆಯನ್ನೂ ಬರೆದುಕೊಂಡು ಬೂಟನ್ನು ಒಳಗೆ ಒಯ್ದ. ಸ್ವಲ್ಪ ಹೊತ್ತಿನ ಮೇಲೆ ಅದು ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿ, ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತ ಬಂತು. ಮನೆಯಲ್ಲಿ ಏಳು ತಿಂಗಳು ಅವ್ವ ಅದನ್ನು ಯಾರಿಗೂ ಒರೆಸಲು ಬಿಟ್ಟಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ಅವನು ಗಾಬರಿಯಾದ. ದಂಡ ಏನೂ ಇಲ್ಲ, ನೀವು ನಿಜ ಹೇಳಿದ್ದೀರಿ ಎಂದು ಸಮಾಧಾನ ಮಾಡಿದ. ಆಮೇಲೆ ಅವ್ವ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೂಸಿ, ಮೂರು ಸಲ ಸೀನಿ, ಇದು ಒಳಗೆ ಹೋಗಬಹುದು ಎಂದ.

ಅಣ್ಣನ ಜಾಗ

ನಮ್ಮದು ಪುಣೆಯ ರವಿವಾರ ಪೇಠೆಯಲ್ಲಿ ಇಳಕಲ್ ಸೀರೆಯ ಅಂಗಡಿ. ಬಾಗಲಕೋಟೆ ಕಡೆಯಿಂದ ಬಂದ ಅಜ್ಜ ಹಾಕಿದ್ದು. ಆನಂದ ಅಂಗಡಿಯಲ್ಲಿ ಕೂರಲಿಲ್ಲ. ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶನಿವಾರ ಬಂತೆಂದರೆ ಹಗ್ಗ ಹೆಗಲಿಗೇರಿಸಿ, ಕಾಲೇಜು ಮಕ್ಕಳನ್ನು ಕಟ್ಟಿಕೊಂಡು ಭೋರ್ ಕಡೆಯ ಕೋಟೆಗಳಿಗೆ ಹೋಗಿಬಿಡುತ್ತಿದ್ದ. ಇವನು ಒಂದು ದಿನ ಬೆಟ್ಟದಿಂದ ಬೀಳುತ್ತಾನೆ ಎಂದು ಓಣಿಯವರೆಲ್ಲ ಅವ್ವನಿಗೆ ಹೇಳುತ್ತಲೇ ಇದ್ದರು. ಅವನು ಬೀಳಲಿಲ್ಲ. ಆಷಾಢದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದ. ಅವನಿಗೆ ಇಪ್ಪತ್ನಾಲ್ಕು ವರ್ಷ.

ಹೋಗುವ ಮೊದಲು ಅವನು ಒಂದು ಅರ್ಜಿ ಹಾಕಿದ್ದ. ಹುಡುಗ ಹುಡುಗಿಯರು ಓದಿನಿಂದಲೋ ಕೆಲಸದಿಂದಲೋ ಕೆಲವು ತಿಂಗಳು ಬಿಡುವು ತೆಗೆದುಕೊಂಡು, ಬೆಟ್ಟ ಹತ್ತುತ್ತ ಕಾಡು ಕಾಯುವ ಕೆಲಸ ಕಲಿಯುವ ನ್ಯೂಜಿಲೆಂಡಿನ ಶಿಬಿರ ಅದು. ಗ್ಯಾಪ್ ಸೆಮಿಸ್ಟರ್ ಎನ್ನುತ್ತಾರೆ. ಅವನು ಆಯ್ಕೆಯಾದ ಪತ್ರ ಬಂದಾಗ ಅವನು ಇರಲಿಲ್ಲ. ವಿಷಯ ತಿಳಿಸಿ ನಾನೇ ಉತ್ತರ ಬರೆದೆ. ವಯಸ್ಸು ಸರಿಹೊಂದುವ ತಮ್ಮನೋ ತಂಗಿಯೋ ಇದ್ದರೆ, ಬರುವ ಮನಸ್ಸಿದ್ದರೆ, ಆ ಜಾಗ ಅವರಿಗೆ ಎಂದು ಅವರು ಬರೆದರು.

ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಹೇಗೋ ಬಿ.ಕಾಂ. ಎರಡನೆಯ ವರ್ಷಕ್ಕೆ ಬಂದವಳು. ನನ್ನ ಇಂಗ್ಲಿಷ್ ಗಿರಾಕಿಗೆ ಸೀರೆಯ ಬಣ್ಣ ಹೇಳುವಷ್ಟು. ಊರ ಪಕ್ಕದ ಸಿಂಹಗಡ ಕೋಟೆಗೂ ಜೀಪಿನಲ್ಲಿ ಹೋದವಳು. 'ನೀ ಅಂಗಡ್ಯಾಗ ಕೂತು ಕೂತು ಒಂದಿನ ಮಡಚಿಟ್ಟ ಸೀರಿ ಘಡಿ ಆಗ್ತಿ ನೋಡು' ಎಂದು ಆನಂದ ಕಾಡಿಸುತ್ತಿದ್ದ. ಅಪ್ಪ ಬೇಡ ಎಂದರು. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಹೇಳಿದಳು: 'ಹೋಗಿ ಬಾ. ನಮ್ಮನ್ಯಾಗ ಒಬ್ಬರಾದ್ರೂ ನೋಡಿದಂಗಾಗ್ತದ.'

ಅಂಗಡಿಗೆ ಬಂದವರೆಲ್ಲರಿಗೂ ಅಪ್ಪ 'ಮಗಳು ಗ್ಯಾಪಿನ್ಯಾಗ ಅದಾಳ್ರಿ' ಎಂದು ಹೇಳುತ್ತಿದ್ದರಂತೆ. ಅದು ಯಾವ ಊರು ಎಂದು ಕೆಲವರು ಕೇಳಿದ್ದಾರೆ.

ಕೆಳಗಿನ ಗುಡಿಸಲು

ನಾವು ಒಂಬತ್ತು ಜನ, ಬೀಡು ಕಣಿವೆಯ ಕೆಳಗಿನ ಗುಡಿಸಲಿನಲ್ಲಿ. ನಮ್ಮ ಮುಖ್ಯಸ್ಥೆ ಹೆಲೆನ್. ವಯಸ್ಸು ಮೂವತ್ತರ ಮೇಲೆ, ಮಾತು ಕಡಿಮೆ, ಹೆಜ್ಜೆ ಉದ್ದ. ನನ್ನ ಜೊತೆಗಾರ ಯೊನಾಸ್, ಜರ್ಮನಿಯ ಹದಿನೆಂಟರ ಹುಡುಗ. ಅವನು ಎಷ್ಟು ಎತ್ತರವೆಂದರೆ ಗುಡಿಸಲಿನ ಬಾಗಿಲಿಗೆ ದಿನಕ್ಕೆರಡು ಸಲ ಹಣೆ ಬಡಿಸಿಕೊಂಡು, ಬಾಗಿಲಿನ ಕ್ಷಮೆ ಕೇಳುತ್ತಿದ್ದ.

ಗುಡಿಸಲು ಎಂದರೆ ತಗಡಿನ ಛಾವಣಿಯ ಮರದ ಮನೆ. ಕಾಡಿನ ನಡುವೆ, ನದಿಯ ದಂಡೆಯಲ್ಲಿ, ಒಂದು ದಿನದ ನಡಿಗೆಗೆ ಒಂದು ಎನ್ನುವ ಹಾಗೆ ಕಟ್ಟಿದ್ದಾರೆ. ಬೀಗ ಇಲ್ಲ. ಒಳಗೆ ಹಲಗೆಯ ಮಂಚ, ಒಲೆ, ಒಲೆಯ ಪಕ್ಕ ಒಡೆದಿಟ್ಟ ಒಣಕಟ್ಟಿಗೆ. ಯಾರು ಒಡೆದರು ಎಂದರೆ ನಿನ್ನೆ ಮಲಗಿದ್ದವರು. ನೀವು ಒಡೆಯುವುದು ನಾಳೆ ಬರುವವರಿಗೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಈ ಪದ್ಧತಿ ನನಗೆ ಭಾಳ ಹಿಡಿಸಿತು. ಆನಂದ ಕೋಟೆಯ ಗುಡಿಗಳಲ್ಲಿ ಮಲಗಿ ಬಂದ ಕಥೆ ಹೇಳುವಾಗಲೂ ಕೆಳಗಿನ ಹಳ್ಳಿಯವರು ಕಡಲೆಹಿಟ್ಟಿನ ಪಿಠಲೆ, ಜೋಳದ ಭಾಕರಿ ಕೊಟ್ಟದ್ದನ್ನೇ ಮೊದಲು ಹೇಳುತ್ತಿದ್ದ. ಅಲ್ಲಿ ಭಾಕರಿ, ಇಲ್ಲಿ ಕಟ್ಟಿಗೆ. ನಾನು ಮೊದಲ ಸಲ ಕೊಡಲಿ ಎತ್ತಿದಾಗ ಮರ ಒಡೆಯಲಿಲ್ಲ, ಕೊಡಲಿಯ ತಲೆ ಕಳಚಿ ನದಿಗೆ ಹೋಯಿತು. ಹೆಲೆನ್ ಹುಡುಕಲು ನೀರಿಗಿಳಿದಳು.

ಸೊಳ್ಳೆ ಇಲ್ಲ ಎಂದು ನಾನು ಹಿಗ್ಗಿದ್ದೆ. ಅದರ ಬದಲು ಎಳ್ಳಿನಷ್ಟು ಕಪ್ಪು ನೊಣ ಇದೆ. ನಮ್ಮ ಸೊಳ್ಳೆ ಹಾಡಿ ಹೇಳಿ ಕಚ್ಚುತ್ತದೆ, ಇದಕ್ಕೆ ಆ ಸೌಜನ್ಯವೂ ಇಲ್ಲ. ಸಂಜೆ ನಾನು ಶುಂಠಿ ಹಾಕಿ ಚಹಾ ಕುದಿಸುತ್ತಿದ್ದೆ. ಎರಡನೆಯ ವಾರಕ್ಕೆ ಎಲ್ಲರೂ ಲೋಟ ಹಿಡಿದು ಸಾಲಾಗಿ ನಿಲ್ಲತೊಡಗಿದರು. ಬರ್ರಿ ಬರ್ರಿ ಎಂದು ಕರೆದರೆ ಅರ್ಥ ಕೇಳದೆ ಬರುತ್ತಿದ್ದರು.

ಒಂದು ಸಂಜೆ ಯೊನಾಸ್ ನನ್ನ ಕಾಲು ನೋಡಿದ. ಎರಡು ಜೊತೆ ಉಣ್ಣೆಯ ಕಾಲುಚೀಲದ ಮೇಲೆ ಆ ದೊಡ್ಡ ಬೂಟು. ಯಾರದು ಎಂದು ಕೇಳಿದ. ಅಣ್ಣನದು ಎಂದೆ. ಅವನು ಯಾಕೆ ಬರಲಿಲ್ಲ ಎಂದು ಕೇಳಿದ.

ಶಿಬಿರದ ಕಚೇರಿಯವರಿಗೆ ಗೊತ್ತಿತ್ತು, ಆದರೆ ಅವರು ಇವರಾರಿಗೂ ಹೇಳಿರಲಿಲ್ಲ. ನಾನು ಒಲೆಗೆ ಒಂದು ಕಟ್ಟಿಗೆ ಹಾಕಿ, ಅವನಿಗೆ ಪುರುಸೊತ್ತಿಲ್ಲ ಎಂದೆ.

ಹೇಳುವುದು ಅಷ್ಟು ಸುಲಭವಾಗಿತ್ತು. ಆಮೇಲೆ ಯೊನಾಸ್ ದಿನಾ ಕೇಳುತ್ತಿದ್ದ. ನಿನ್ನ ಅಣ್ಣ ಹಗ್ಗಕ್ಕೆ ಯಾವ ಗಂಟು ಹಾಕುತ್ತಾನೆ, ಎಷ್ಟು ಭಾರ ಹೊರುತ್ತಾನೆ. ನಾನು ಹೇಳುತ್ತಿದ್ದೆ: ಹೊರುತ್ತಾನೆ, ಹಾಕುತ್ತಾನೆ. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಪುಣೆಯಲ್ಲಿ ನಮ್ಮನ್ನು ಕಂಡವರೆಲ್ಲ ದನಿ ಇಳಿಸುತ್ತಿದ್ದರು. ಇಲ್ಲಿ ಯಾರೂ ಇಳಿಸಲಿಲ್ಲ. ಈ ಒಂದು ಕಣಿವೆಯಲ್ಲಿ ಅವನು ಇನ್ನೂ ಬದುಕಿದ್ದ. ಬಾಯಿ ಬಿಟ್ಟರೆ ಇಲ್ಲಿಯೂ ಅವನನ್ನು ಕಳೆದುಕೊಳ್ಳಬೇಕಿತ್ತು.

ಪೆಟ್ಟಿಗೆಗಳ ದಾರಿ

ನಮ್ಮ ಕೆಲಸ ಇದು. ಆ ದೇಶದಲ್ಲಿ ಹಾರಲು ಬಾರದ ಹಕ್ಕಿಗಳಿವೆ, ನೆಲದಲ್ಲೇ ಗೂಡು ಮಾಡುವ ಹಕ್ಕಿಗಳಿವೆ. ಹಿಂದೆ ಯಾರೋ ಮೊಲ ಹಿಡಿಯಲಿ ಎಂದು ಮುಂಗುಸಿಯಂಥ ಒಂದು ಪ್ರಾಣಿಯನ್ನು ಹಡಗಿನಲ್ಲಿ ತಂದು ಬಿಟ್ಟರಂತೆ. ಸ್ಟೋಟ್ ಎಂದು ಅದರ ಹೆಸರು. ಅದು ಮೊಲ ಬಿಟ್ಟು ಹಕ್ಕಿ ಮರಿಗಳನ್ನು ತಿನ್ನುತ್ತದೆ. ಅದನ್ನು ಹಿಡಿಯಲು ಕಾಡಿನ ದಾರಿಯುದ್ದಕ್ಕೂ ಮರದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಒಳಗೆ ಬೋನು, ಬೋನಿಗೆ ಒಂದು ಕೋಳಿಮೊಟ್ಟೆ. ಇಬ್ಬಿಬ್ಬರು ಹೋಗಿ ಪೆಟ್ಟಿಗೆ ತೆರೆದು, ಸತ್ತದ್ದನ್ನು ತೆಗೆದು, ಹೊಸ ಮೊಟ್ಟೆ ಇಟ್ಟು, ಮೇಲಿನ ಗುಡಿಸಲಿನಲ್ಲಿ ಮಲಗಿ, ಮರುದಿನ ಇಳಿಯಬೇಕು. ನಮ್ಮ ಪಾಲಿಗೆ ಬೇರೆ ಬೇರೆ ಮೂರು ದಾರಿ ಬಂದವು, ಮೂರು ಗುಡಿಸಲು.

ನಮ್ಮ ಮನೆಗೆ ಮೊಟ್ಟೆ ಬಂದದ್ದಿಲ್ಲ. ಅಂಗಡಿಯಲ್ಲಿ ಇಲಿ ಸಿಕ್ಕಿದರೆ ಅಪ್ಪ ಅದನ್ನು ಸ್ಕೂಟರಿನಲ್ಲಿ ಮುಠಾ ನದಿಯ ದಂಡೆಗೆ ಒಯ್ದು ಬಿಟ್ಟು ಬರುವವರು. ಅಂಥವರ ಮಗಳಿಗೆ ನಲವತ್ತು ಮೊಟ್ಟೆ ಹೊರುವ ಕೆಲಸ. ನಾನು ಒಂದೊಂದನ್ನೂ ರೇಷ್ಮೆ ಸೆರಗಿನ ಹಾಗೆ ಕಾಗದದಲ್ಲಿ ಮಡಿಸಿ ಚೀಲದಲ್ಲಿಟ್ಟೆ. ಇಡೀ ತಂಡದಲ್ಲಿ ಮೊಟ್ಟೆ ಒಡೆಯದೆ ಮೇಲೆ ಮುಟ್ಟಿಸಿದವಳು ನಾನೊಬ್ಬಳೇ. ಆದರೆ ಮೊದಲ ಸ್ಟೋಟ್ ಕಂಡಾಗ ಯೊನಾಸ್ ಪೊದೆಯ ಹಿಂದೆ ಹೋಗಿ ವಾಂತಿ ಮಾಡಿದ, ನಾನು ತಪ್ಪಾಯ್ತಪ್ಪಾ ಎಂದು ಕೆನ್ನೆ ಬಡಿದುಕೊಂಡೆ. ಮುಂದಿನ ಸಲ ಪೆಟ್ಟಿಗೆಗಳ ಸಾಲಿನ ಪಕ್ಕದಲ್ಲೇ, ಹೊಳೆಯಲ್ಲಿ, ನೀಲಿ ಬಾತುಕೋಳಿಯೊಂದು ನಾಲ್ಕು ಮರಿಗಳನ್ನು ಹಿಂದೆ ಕಟ್ಟಿಕೊಂಡು ಹೋಗುತ್ತಿತ್ತು. ಆಮೇಲೆ ನಾನು ಕೆನ್ನೆ ಬಡಿದುಕೊಳ್ಳಲಿಲ್ಲ.

ಮೇಲೆ ಮರಗಳು ಮುಗಿಯುವಲ್ಲಿ ಕೀಯಾ ಎಂಬ ಹಸಿರು ಗಿಳಿಗಳಿವೆ, ಕೋಳಿಯಷ್ಟು ದೊಡ್ಡವು. ಒಂದು ಕೀಯಾ ನನ್ನ ಚಟ್ನಿಯ ಡಬ್ಬಿಯನ್ನೇ ಹೊತ್ತೊಯ್ದು ಬಂಡೆಯ ಮೇಲೆ ಬಿಚ್ಚಿತು. ಖಾರಕ್ಕೆ ಬಿಟ್ಟು ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ, ಇನ್ನಿಬ್ಬರನ್ನು ಕರೆಯಿತು. ಸಾಮಾನಿಗೆಂದು ಪೇಟೆಗೆ ಇಳಿದಾಗ ಫೋನು ಮಾಡಿ ಇದನ್ನು ಹೇಳಿದರೆ ಅವ್ವ ನಕ್ಕು, ಗಿಳಿಗಿ ರೊಟ್ಟಿ ಯಾಕ ಕೊಡಲಿಲ್ಲ ಎಂದಳು. ಅವಳ ನಗು ಕೇಳಿ ಏಳು ತಿಂಗಳ ಮೇಲಾಗಿತ್ತು.

ಪ್ರತಿ ಗುಡಿಸಲಿನಲ್ಲೂ ದಾರಕ್ಕೆ ಕಟ್ಟಿದ ಪೆನ್ನು, ಒಂದು ದೊಡ್ಡ ಪುಸ್ತಕ ಇರುತ್ತದೆ. ಮಲಗಿದ ಪ್ರತಿಯೊಬ್ಬರೂ ಒಂದೊಂದು ಸಾಲು ಬರೆಯಬೇಕು: ತಾರೀಖು, ಹೆಸರು, ಎಲ್ಲಿಂದ, ಎಲ್ಲಿಗೆ, ಕೊನೆಯಲ್ಲಿ ಷರಾ. ಯೊನಾಸ್ ತನ್ನ ಸಾಲು ಬರೆದು ಪೆನ್ನು ನನಗೆ ಕೊಡುತ್ತಿದ್ದ. ನಾನು ನನ್ನ ಸಾಲು ಬರೆಯುತ್ತಿದ್ದೆ, ಶೈಲಾ, ಪುಣೆ. ಅವನು ಅತ್ತ ಹೋದ ಮೇಲೆ ಅದರ ಕೆಳಗೆ ಇನ್ನೊಂದು ಸಾಲು: ಆನಂದ, ಪುಣೆ. ಜಾಗ ಅವನದು, ಬೂಟು ಅವನದು, ಒಂದು ಸಾಲು ಅವನಿಗೆ ಸಲ್ಲಬೇಡವೇ ಎಂದು ನನ್ನ ಲೆಕ್ಕ. ಮದುವೆ ಮನೆಯಲ್ಲಿ ಉಡುಗೊರೆ ಬರೆಯುವ ಆಹೇರಿ ಪುಸ್ತಕದಲ್ಲಿ ಬಾರದವರ ಹೆಸರನ್ನೂ ಅಪ್ಪ ಬರೆಸುತ್ತಾರೆ. ಪುಸ್ತಕ ಎಂದರೆ ನನಗೆ ಅಷ್ಟೇ ಗೊತ್ತಿತ್ತು.

ನದಿ ಏರಿದ ದಿನ

ಮೂರನೆಯ ಗುಡಿಸಲಿನಲ್ಲಿ ಬೆಳಿಗ್ಗೆ ಮಳೆ ಹಿಡಿಯಿತು. ನದಿ ಏರುವ ಮೊದಲೇ ದಾಟಿಬಿಡಬೇಕೆಂದು ಬೇಗಬೇಗ ಪುಸ್ತಕದಲ್ಲಿ ಹೆಸರು ಬರೆದು ಹೊರಟೆವು. ಅರ್ಧ ದಾರಿಯಲ್ಲಿ ಮೇಲೆ ಹತ್ತುತ್ತಿದ್ದ ಒಬ್ಬ ಹೆಂಗಸು, ಅವಳ ಮುಂದೆ ಒಂದು ನಾಯಿ ಎದುರಾದರು. ಅವಳು ಮೇರಿಯನ್, ಅರವತ್ತು ದಾಟಿದವಳು, ಕಣಿವೆಯ ಬಾಯಲ್ಲಿ ಹಸು ಸಾಕಿದ್ದಾಳೆ. ಆ ಗುಡಿಸಲನ್ನು ನೋಡಿಕೊಳ್ಳುವವಳೂ ಅವಳೇ, ಬೆಟ್ಟದಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಹುಡುಕಲು ಹೊರಡುವ ಊರಿನವರಿಗೆ ಮುಂದಾಳೂ ಅವಳೇ. ಒಲೆಯ ಚಿಮಣಿ ಗುಡಿಸಲು ಹೊರಟಿದ್ದಳು. ಕಟ್ಟಿಗೆ ಒಡೆದಿಟ್ಟಿದ್ದೀರಾ ಎಂದು ಕೇಳಿದಳು, ನಾಯಿ ನನ್ನ ಬೂಟು ಮೂಸಿತು, ಅವಳು ಮೇಲೆ ಹೋದಳು, ನಾವು ಕೆಳಗೆ ಬಂದೆವು.

ಮೇಲೆ ಹೋದ ಮೇರಿಯನ್ ಪುಸ್ತಕ ತೆರೆದಿದ್ದಾಳೆ. ಅದೇ ದಿನದ ತಾರೀಖಿನಲ್ಲಿ ಮೂರು ಹೆಸರು, ಮೂವರೂ ಹೋಗುವುದು ಕೆಳಗಿನ ಗುಡಿಸಲಿಗೆ. ಅವಳು ದಾರಿಯಲ್ಲಿ ಕಂಡದ್ದು ಇಬ್ಬರನ್ನು.

ಬೆಳಗಿನ ರೇಡಿಯೊ

ಆ ಕಣಿವೆಯಲ್ಲಿ ಫೋನು ಹತ್ತುವುದಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಎಲ್ಲ ಗುಡಿಸಲಿನವರೂ, ಹೊಲಮನೆಯವರೂ ರೇಡಿಯೊ ಹಚ್ಚುತ್ತಾರೆ. ಒಬ್ಬರು ಮಾತಾಡಿ ಓವರ್ ಎನ್ನಬೇಕು, ಆಮೇಲೆ ಇನ್ನೊಬ್ಬರು. ಯಾರಿಗೆ ಹೇಳಿದರೂ ಕಣಿವೆಯೆಲ್ಲ ಕೇಳುತ್ತದೆ.

ಮರುದಿನ ನಾವು ಓಟ್ಸ್ ಗಂಜಿ ಉಣ್ಣುತ್ತಿದ್ದಾಗ ಮೇರಿಯನ್ನಳ ದನಿ ಬಂತು. ಒಬ್ಬ ಹುಡುಗ ಕಾಣೆಯಾಗಿದ್ದಾನೆ. ನಿನ್ನೆ ಕತ್ತಲಾಗುವವರೆಗೆ ಕೂಗಿ ನೋಡಿದೆ. ಈಗ ಊರಿನ ಇಬ್ಬರು ಹುಡುಗರು ಹಗ್ಗ, ರೇಡಿಯೊ ತೆಗೆದುಕೊಂಡು ಹೊರಟಿದ್ದಾರೆ, ನದಿ ಸೊಂಟದ ಮೇಲಿದೆ, ಆದರೂ ದಾಟುತ್ತಾರೆ. ನಿಮ್ಮ ಇಬ್ಬರ ಜೊತೆ ಮಲಗಿದ್ದ ಮೂರನೆಯವನು ಅಲ್ಲಿಗೆ ಬಂದನೇ?

ಹೆಲೆನ್ ನಮ್ಮತ್ತ ತಿರುಗಿದಳು. ನಾವಿಬ್ಬರೇ ಇದ್ದೆವು ಎಂದು ಯೊನಾಸ್ ಹೇಳಿದ. ಹೆಸರೇನು ಎಂದು ಹೆಲೆನ್ ರೇಡಿಯೊದಲ್ಲಿ ಕೇಳಿದಳು.

ಮೇರಿಯನ್ ಓದಿದಳು. ಅವಳ ಬಾಯಲ್ಲಿ ಅದು ಸ್ವಲ್ಪ ಉದ್ದವಾಗಿ ಬಂತು. ಆದರೂ ಅವನದೇ ಹೆಸರು.

ನಾನು ಚಮಚ ಹಿಡಿದು ಸುಮ್ಮನೆ ಕೂತೆ. ಒಂದು ನಿಮಿಷ ಇರಬಹುದು. ಅಷ್ಟು ಹೊತ್ತು ನಾನು ಸುಮ್ಮನಿದ್ದೆ ಎನ್ನುವುದನ್ನು ಇಲ್ಲಿ ಬರೆಯದೆ ಬಿಡಬಾರದು. ಒಂದು ಇಡೀ ಊರು ಅವನನ್ನು ಹುಡುಕುತ್ತಿದೆ, ಅವನು ಸಿಕ್ಕಾನು ಎಂದು ನಂಬಿದೆ. ಆ ಒಂದು ನಿಮಿಷ ನನಗೂ ಹಾಗೇ ಅನಿಸಿತು. ಆಮೇಲೆ ಸೊಂಟದ ಮೇಲಿನ ನೀರು ನೆನಪಾಯಿತು. ಆ ಇಬ್ಬರಿಗೂ ಮನೆಯಲ್ಲಿ ಯಾರಾದರೂ ಇದ್ದಾರು.

'ಅವನು ಅಲ್ಲಿಲ್ಲ,' ಎಂದೆ. 'ಬರೆದದ್ದು ನಾನು.'

ಹೆಲೆನ್ ರೇಡಿಯೊವನ್ನು ನನ್ನ ಕೈಗೆ ಕೊಟ್ಟು, ಗುಂಡಿ ಒತ್ತಿ ಹಿಡಿದುಕೊಂಡು ನೀನೇ ಹೇಳು ಎಂದಳು. ನಾನು ಒತ್ತಿದೆ.

'ಮೇರಿಯನ್, ನಾನು ಶೈಲಾ. ಹುಡುಕಬೇಡಿ. ಆನಂದ ನನ್ನ ಅಣ್ಣ. ಅವನು ಸತ್ತುಹೋಗಿದ್ದಾನೆ, ಪುಣೆಯಲ್ಲಿ, ಹೋದ ವರ್ಷ. ಹೆಸರು ಬರೆದದ್ದು ನನ್ನ ತಪ್ಪು.' ಅಷ್ಟು ಹೇಳಿ ನಿಂತೆ. ರೇಡಿಯೊ ಸುಮ್ಮನಿತ್ತು. ಓವರ್ ಎನ್ನದೆ ಯಾರೂ ಮಾತಾಡುವಂತಿಲ್ಲ ಎಂದು ಯೊನಾಸ್ ಮೆಲ್ಲಗೆ ಹೇಳಿದ. 'ಓವರ್,' ಎಂದೆ.

'ತಿಳಿಯಿತು,' ಎಂದಳು ಮೇರಿಯನ್. 'ಹುಡುಗರೇ, ಹಿಂದಿರುಗಿ. ಯಾರೂ ಕಾಣೆಯಾಗಿಲ್ಲ. ಶೈಲಾ, ನೀರು ಇಳಿದ ಮೇಲೆ ನಾನು ಬರುತ್ತೇನೆ, ಅಲ್ಲೇ ಇರು. ಓವರ್.'

ಯೊನಾಸ್ ಎದ್ದು ಬಂದು ನನ್ನ ಪಕ್ಕ ಕೂತ. ತನ್ನ ತಟ್ಟೆಯಲ್ಲಿದ್ದ ಒಣದ್ರಾಕ್ಷಿಯನ್ನೆಲ್ಲ ಆರಿಸಿ ನನ್ನ ತಟ್ಟೆಗೆ ಹಾಕಿದ.

ಚಹಾ, ಆಮೇಲೆ ತೀರ್ಪು

ಹೆಲೆನ್ ಕೋಪಿಷ್ಠೆಯಲ್ಲ, ಆದರೆ ಆ ದಿನ ನೇರವಾಗಿ ಹೇಳಿದಳು. ಪುಸ್ತಕದಲ್ಲಿ ಸುಳ್ಳು ಬರೆದವರನ್ನು ಮನೆಗೆ ಕಳಿಸುವುದು ವಾಡಿಕೆ. ಮೇರಿಯನ್ ಏನು ಹೇಳುತ್ತಾಳೋ ಹಾಗೆ. ನಾನು ಚೀಲ ಕಟ್ಟಿಟ್ಟೆ. ಅವ್ವನಿಗೆ ಏನೆಂದು ಹೇಳುವುದು ಎಂಬುದೊಂದೇ ಚಿಂತೆ. ಒಬ್ಬರಾದರೂ ನೋಡಿದಂಗಾಗ್ತದೆ ಎಂದು ಕಳಿಸಿದ್ದಳು.

ಮಧ್ಯಾಹ್ನ ಮೇರಿಯನ್ ತೊಡೆಯವರೆಗೆ ಒದ್ದೆಯಾಗಿ ಬಂದಳು. ಮೊದಲು ಚಹಾ ಕೇಳಿದಳು. ಎರಡು ಲೋಟ ಕುಡಿದಳು. ನಿನ್ನೆ ಎಷ್ಟು ಕೂಗಿದೆ ಎಂದರೆ ಗಂಟಲು ಹೋಗಿದೆ, ಇದು ಒಳ್ಳೆಯದಾಯಿತು ಎಂದಳು.

ನಾನು ಕ್ಷಮಿಸಿ ಎಂದೆ. ಅವಳು ಅದನ್ನು ಬದಿಗೆ ಸರಿಸಿದಳು.

'ನನ್ನ ಗಂಡ ಹೋದ ಮೇಲೆ ಎರಡು ವರ್ಷ ಅವನ ಬೂಟಿಗೆ ಎಣ್ಣೆ ಹಚ್ಚುತ್ತಿದ್ದೆ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈ ಪುಸ್ತಕ ಬೇರೆ. ಯಾರನ್ನು ಹುಡುಕಬೇಕು ಅಂತ ನಮಗೆ ತಿಳಿಸೋದು ಇದೊಂದೇ. ಇದರಲ್ಲಿರೋ ಹೆಸರಿಗಾಗಿ ನಾವು ನೀರಿಗೆ ಇಳೀತೀವಿ.'

'ಗೊತ್ತಾಯಿತು,' ಎಂದೆ.

'ಇನ್ನೆಲ್ಲಿ ಬರೆದಿದ್ದೀಯ?'

ಇನ್ನೆರಡು ಗುಡಿಸಲಿನಲ್ಲಿ ಎಂದು ಹೇಳಿದೆ. ಆ ಪುಸ್ತಕದ ಹಾಳೆ ಹರಿಯುವಂತಿಲ್ಲ. ತಪ್ಪು ಬರೆದವರೇ ಹೋಗಿ, ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು. ಮೂರೂ ಕಡೆ ಹೋಗೋಣ ಎಂದಳು. ಮನೆಗೆ ಕಳಿಸುವ ಮಾತನ್ನು ಹೆಲೆನ್ ಮತ್ತೆ ಎತ್ತಲಿಲ್ಲ.

ಮತ್ತೆ ಮೂರು ಗುಡಿಸಲು

ಮೇರಿಯನ್, ನಾಯಿ, ನಾನು. ನಾಯಿ ಮುಂದೆ. ದಾರಿಯಲ್ಲಿ ಮೇರಿಯನ್ ಆನಂದನ ಬಗ್ಗೆ ಕೇಳಿದಳು, ಸುತ್ತು ಬಳಸಿಲ್ಲದೆ. ಹೇಗೆ ಸತ್ತ, ಯಾವ ಜ್ವರ, ಎಷ್ಟು ದಿನ. ಆಮೇಲೆ ಕೇಳಿದಳು, ಅವನು ಜಾಣನೋ ದಡ್ಡನೋ ಎಂದು. ಹೀಗೆ ಯಾರೂ ಕೇಳಿರಲಿಲ್ಲ. ಅರ್ಧ ದಡ್ಡ ಎಂದೆ. ಹದಿನೈದು ಮಕ್ಕಳನ್ನು ಕೋಟೆಗೆ ಕರೆದೊಯ್ದು, ಅಡುಗೆಯ ಪಾತ್ರೆಯನ್ನೆಲ್ಲ ಬಸ್ಸಿನಲ್ಲೇ ಬಿಟ್ಟು, ತಗಡಿನ ನಾಮಫಲಕದ ಮೇಲೆ ಖಿಚಡಿ ಮಾಡಲು ಹೋದ ಕಥೆ ಹೇಳಿದೆ. ಅವಳು ನಿಂತು ನಕ್ಕಳು. ನಾನೂ ನಕ್ಕೆ. ಇದ್ದ, ಮಾಡಿದ, ಹೋದ ಎಂದೇ ಹೇಳುತ್ತಿದ್ದೆ. ಮಾತು ನಿಲ್ಲಲಿಲ್ಲ.

ಮೂರನೆಯ ಗುಡಿಸಲಿನಲ್ಲಿ ಮೊದಲು ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು. ಎರಡನೆಯದರಲ್ಲಿ ನೆಟ್ಟಗೆ ಬಂತು. ಮೊದಲನೆಯ ಗುಡಿಸಲಿಗೆ ನಾಲ್ಕನೆಯ ದಿನ ತಲುಪಿದೆವು. ಶಿಬಿರದ ಎರಡನೆಯ ವಾರದಲ್ಲಿ, ನಾನು ಆನಂದನ ಹೆಸರನ್ನು ಮೊದಲ ಸಲ ಬರೆದ ಪುಸ್ತಕ ಅದು. ಹಾಳೆ ತಿರುವಿದೆ. ಅಲ್ಲಿ ಅವನ ಸಾಲಿನ ಕೊನೆಗೆ, ಷರಾ ಎಂಬಲ್ಲಿ, ನಾನು ಅವನ ಪರವಾಗಿ ಒಂದು ಮಾತು ಬರೆದದ್ದು ಮರೆತೇ ಹೋಗಿತ್ತು. ಅವನಿಗೆ ಯಾವ ಗುಡಿಗೆ ಹೋದರೂ ಮೊದಲು ಛಾವಣಿ ನೋಡುವ ಚಟ. 'ಒಲೆಯ ಮೇಲಿನ ಮೂಲೆ ಸೋರುತ್ತದೆ' ಎಂದು ಬರೆದಿದ್ದೆ.

ಅದರ ಕೆಳಗಿನ ಸಂದಿಯಲ್ಲಿ ಬೇರೆ ಅಕ್ಷರ, ಬೇರೆ ಶಾಯಿ. ಮೂರು ವಾರದ ಮೇಲೆ ಬಂದ ಯಾರೋ ತಾರೀಖು ಹಾಕಿ ಬರೆದಿದ್ದರು: 'ಆನಂದ್, ಹೇಳಿದ್ದು ಒಳ್ಳೆಯದಾಯಿತು. ಎರಡು ಹೊಸ ತಗಡು ಹೊಡೆದಿದ್ದೇನೆ.'

ನಾನು ಮೇಲೆ ನೋಡಿದೆ. ಮಸಿ ಹಿಡಿದ ಛಾವಣಿಯಲ್ಲಿ ಎರಡು ತಗಡು ಬಿಳಿಯಾಗಿದ್ದವು.

ಮೇರಿಯನ್ ಕನ್ನಡಕ ಹಾಕಿಕೊಂಡು ಎರಡೂ ಸಾಲನ್ನು ಓದಿದಳು. ನಾನು ಪೆನ್ನು ಹಿಡಿದು, ಎಲ್ಲವನ್ನೂ ಹೊಡೆಯಲೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು. ಯೋಚಿಸುವಾಗ ಹಾಲು ಕರೆಯುವವರ ಹಾಗೆ ಬೆರಳು ಮಡಿಸಿ ಬಿಡಿಸುತ್ತಾಳೆ.

'ಹೆಸರು, ಎಲ್ಲಿಂದ, ಎಲ್ಲಿಗೆ, ಇಷ್ಟು ಹೊಡೆ. ಷರಾ ಬಿಡು. ಸೋರುತ್ತಿದ್ದದ್ದು ಸುಳ್ಳಲ್ಲವಲ್ಲ.'

ಗೆರೆ ಎಳೆದು ಷರಾಕ್ಕಿಂತ ಮೊದಲೇ ನಿಲ್ಲಿಸಿ, ಸಹಿ ಹಾಕಿದೆ. ಕೆಳಗಿನ ಸಾಲು ನನ್ನದಲ್ಲ, ಅದನ್ನು ಮುಟ್ಟಲಿಲ್ಲ.

ನಾಲ್ಕು ಗಂಟೆಗೆ ಮಳೆ ಶುರುವಾಯಿತು. ಬೇರೆ ಮಂಚಗಳೂ ಖಾಲಿ ಇದ್ದವು. ನಾನು ಒಲೆಯ ಪಕ್ಕದ, ಆ ಎರಡು ಹೊಸ ತಗಡಿನ ಕೆಳಗಿನ ಮಂಚದ ಮೇಲೆ ಹಾಸಿಕೊಂಡೆ.